ಮೊದಲ ಸದನದ ಅವಸರ, ಮೊದಲ ಸದನದ ತಡ

ಹೊಸ ದೇಶದ ಮೊದಲ ಶಾಸನಸಭೆ ಒಳ್ಳೇದಿತ್ತೋ ಕೆಟ್ಟದ್ದಿತ್ತೋ ಅಂತ ಕೇಳುವುದು ಸುಲಭ. ಹೇಳುವವನ ಜಾತಿ, ಜಮೀನು ನೋಡಿ ಉತ್ತರವೂ ಬದಲಾಗುತ್ತದೆ. ನಾವು ಬೇರೆ ಪ್ರಶ್ನೆ ಕೇಳೋಣ. ಆ ಸಭೆ ಯಾವ ಕೆಲಸಕ್ಕೆ ಓಡೋಡಿ ಹೋಯಿತು? ಯಾವ ಕೆಲಸವನ್ನು ನಾಳೆ ನೋಡೋಣ ಅಂತ ಕಟ್ಟಿಟ್ಟಿತು? ತಾರೀಕುಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಭಾಷಣಗಳು ಮುಚ್ಚಿಟ್ಟದ್ದನ್ನು ಅವು ಹೇಳುತ್ತವೆ.

1946ರ ಡಿಸೆಂಬರ್ 9ರಂದು ದಿಲ್ಲಿಯಲ್ಲಿ ಸಂವಿಧಾನ ಸಭೆ ಮೊದಲ ಸಲ ಕೂಡಿತು. ಆಗ ತಡಸದಂಥ ಊರು ಎಲ್ಲಿತ್ತು? ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ದಾರಿಯ ಈ ಸೀಮೆ ಧಾರವಾಡ ಜಿಲ್ಲೆಗೆ ಸೇರಿ, ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ಮಗ್ಗುಲಿಗೇ ಸವಣೂರು, ಅಲ್ಲಿ ನವಾಬರ ಆಳ್ವಿಕೆ. ಹಿರೇಕೆರೂರು ದಾಟಿದರೆ ಮೈಸೂರು ಮಹಾರಾಜರ ಸೀಮೆ. ಆ ಸೀಮೆಯ ಈಸೂರು 1942ರಲ್ಲಿ ನಮ್ಮೂರಿಗೆ ನಾವೇ ಸರಕಾರ ಅಂತ ಸಾರಿತು. ಅದರ ಬೆಲೆಯಾಗಿ 1943ರ ಮಾರ್ಚಿನಲ್ಲಿ ಐದು ಮಂದಿ ಗಲ್ಲಿಗೇರಿದರು. ಮೂಡಲಕ್ಕೆ, ಮುಂಡರಗಿಯ ಆಚೆ ಕೊಪ್ಪಳದ ಕಡೆ ನಿಜಾಮ. ಹೀಗೆ ನಾಲ್ಕು ಕಡೆ ನಾಲ್ಕು ದೊರೆತನ. ನಾಲ್ಕರಲ್ಲೂ ಹೊಲಗೇರಿ, ಮಾದರ ಕೇರಿ ಊರ ಹೊರಗೇ ಇದ್ದವು. ದೊರೆಗಳು ಬೇರೆ ಬೇರೆ, ಬಾವಿಯ ಕಟ್ಟಳೆ ಮಾತ್ರ ಒಂದೇ.

ದಿಲ್ಲಿಯ ಸಭೆಗೆ ಈ ಕೇರಿಗಳು ಮತ ಹಾಕಿದ್ದವೇನು? ಇಲ್ಲ. ಪ್ರಾಂತ್ಯಗಳ ವಿಧಾನಸಭೆಯವರು ಸಂವಿಧಾನ ಸಭೆಯವರನ್ನು ಆರಿಸಿದರು. ಆ ವಿಧಾನಸಭೆಗಳಿಗೆ 1946ರಲ್ಲಿ ಮತ ಹಾಕಿದವರು ಜಮೀನು ಇದ್ದವರು, ತೆರಿಗೆ ಕಟ್ಟಿದವರು, ಓದು ಬಂದವರು. ದೇಶದ ವಯಸ್ಕರಲ್ಲಿ ಹೆಚ್ಚಿನ ಪಾಲು ಮತದಾರರ ಪಟ್ಟಿಯ ಹೊರಗಿತ್ತು. ಸಂಸ್ಥಾನಗಳ ಪ್ರತಿನಿಧಿಗಳ ಕತೆಯಂತೂ ಕೇಳಲೇ ಬೇಡಿ. ಇಡೀ ಸಭೆಯಲ್ಲಿ ದಲಿತ ಹೆಣ್ಣುಮಗಳು ಒಬ್ಬರೇ: ಕೇರಳದ ದಾಕ್ಷಾಯಣಿ ವೇಲಾಯುಧನ್. ಬಾಬಾಸಾಹೇಬ್ ಅಂಬೇಡ್ಕರ್ ಅವರಿಗೆ ಮುಂಬಯಿ ಪ್ರಾಂತ್ಯದಲ್ಲಿ ಬಾಗಿಲು ತೆರೆಯಲಿಲ್ಲ. ಜೋಗೇಂದ್ರನಾಥ ಮಂಡಲ್ ಅವರ ಬೆಂಬಲದಿಂದ ಬಂಗಾಳದಿಂದ ಆರಿಸಿ ಹೋದರು. ದೇಶ ಒಡೆದಾಗ ಆ ಸ್ಥಾನವೂ ಹೋಯಿತು. 1947ರ ಜುಲೈನಲ್ಲಿ ಅದೇ ಮುಂಬಯಿಯಿಂದ ಮತ್ತೆ ಆಯ್ಕೆಯಾದರು. ಮುಂಚೆ ಬೇಡವಾಗಿದ್ದವರು ಆಗ ಬೇಕಾದರು. ಆಗಸ್ಟ್ 29ಕ್ಕೆ ಕರಡು ಸಮಿತಿ ನೇಮಕವಾಗಿ, ಅವರು ಅದರ ಅಧ್ಯಕ್ಷರಾದರು.

ಸಂವಿಧಾನ ಬರೆಯುವುದಷ್ಟೇ ಈ ಸಭೆಯ ಕೆಲಸವಾಗಿರಲಿಲ್ಲ. 1947ರ ಆಗಸ್ಟ್ 15ರಿಂದ ದೇಶದ ಶಾಸನಸಭೆಯೂ ಅದೇ ಆಯಿತು. ಮಂದಿ ಅವರೇ, ಕಟ್ಟಡ ಅದೇ. ಸಂವಿಧಾನ ಬರೆಯುವಾಗ ಪೀಠದಲ್ಲಿ ರಾಜೇಂದ್ರ ಪ್ರಸಾದ್. ಕಾಯ್ದೆ ಮಾಡುವಾಗ, ಆ ನವೆಂಬರಿನಿಂದ, ಮಾವಳಂಕರ್. ಹೊರಗೆ ಬೆಂಕಿ ಹತ್ತಿತ್ತು. ಪಂಜಾಬ್, ಬಂಗಾಳದಲ್ಲಿ ಕೊಲೆ, ಸುಲಿಗೆ, ಮನೆಮಠ ಬಿಟ್ಟು ಬಂದ ಲಕ್ಷಾಂತರ ಜನ. ಕಾಶ್ಮೀರದಲ್ಲಿ ಯುದ್ಧ. ಹೈದರಾಬಾದಿನಲ್ಲಿ ರಜಾಕಾರರ ಹಾವಳಿ. ತೆಲಂಗಾಣದಲ್ಲಿ ದೊರೆಗಳ ಜಮೀನು ಹಂಚಿಕೊಂಡು ಬಂದೂಕು ಹಿಡಿದ ರೈತರು. 1947ರ ನವೆಂಬರ್ 26ರಂದು ಷಣ್ಮುಖಂ ಚೆಟ್ಟಿಯವರು ಸ್ವತಂತ್ರ ದೇಶದ ಮೊದಲ ಬಜೆಟ್ ಮಂಡಿಸಿದರು. ಏಳೂವರೆ ತಿಂಗಳ ಲೆಕ್ಕ. ಆದಾಯ ಸುಮಾರು 171 ಕೋಟಿ, ಖರ್ಚು ಸುಮಾರು 197 ಕೋಟಿ. ಅದರಲ್ಲಿ 92 ಕೋಟಿಗೂ ಮಿಕ್ಕಿ ರಕ್ಷಣೆಗೆ. ಹುಟ್ಟಿದ ದಿನದಿಂದಲೇ ಈ ಸದನ ಬಂದೂಕಿನ ಖರ್ಚು ಹೊತ್ತೇ ನಡೆಯಿತು.

ಕ್ರಾಂತಿಯ ನಡುವೆ ಆಳಿದ ಸದನ ಇದೇ ಮೊದಲಲ್ಲ. 1775ರ ಮೇ ತಿಂಗಳಲ್ಲಿ ಕೂಡಿದ ಅಮೆರಿಕದ ಕಾಂಗ್ರೆಸ್ ಸಭೆಯೂ ಯುದ್ಧ ಮಾಡುತ್ತಲೇ ಆಳಿತು. ತೆರಿಗೆ ಎತ್ತುವ ಅಧಿಕಾರ ಅದಕ್ಕಿರಲಿಲ್ಲ. ನೋಟು ಅಚ್ಚು ಹಾಕಿಸಿ ಸೈನಿಕರಿಗೆ ಕೊಟ್ಟಿತು, ನೋಟು ಕಸವಾಯಿತು. 1776ರ ಜುಲೈ 4ರಂದು ಎಲ್ಲ ಮನುಷ್ಯರೂ ಸಮಾನರು ಎಂದು ಸಾರಿತು. ಆದರೆ ಗುಲಾಮರ ವ್ಯಾಪಾರವನ್ನು ಬೈದು ಜೆಫರ್ಸನ್ ಬರೆದಿದ್ದ ಭಾಗವನ್ನು ಅದೇ ಸಭೆ ಹೊಡೆದು ಹಾಕಿತು. ದೊರೆಯನ್ನು ಕಿತ್ತೊಗೆಯಲು ಅವಸರ, ಗುಲಾಮನ ಸಂಕೋಲೆ ಬಿಚ್ಚಲು 1865ರ ತನಕ ತಡ. ಫ್ರಾನ್ಸಿನ ಸದನ 1794ರ ಫೆಬ್ರವರಿ 4ರಂದು ಗುಲಾಮಗಿರಿ ರದ್ದು ಮಾಡಿತು. ಅದು ಬರೀ ದೊಡ್ಡ ಮನಸ್ಸಿನಿಂದಲ್ಲ. ಅದರ ವಸಾಹತು ಸೇಂಟ್ ಡೊಮಿಂಗೊದ ಕಪ್ಪು ಜನ 1791ರಲ್ಲೇ ಕಬ್ಬಿನ ತೋಟಗಳಿಗೆ ಬೆಂಕಿಯಿಟ್ಟು ಎದ್ದಿದ್ದರು. 1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ತಂದ. ಆ ಜನ ಒಪ್ಪಲಿಲ್ಲ. 1804ರ ಜನವರಿ 1ರಂದು ಹೈಟಿ ಎಂಬ ತಮ್ಮದೇ ದೇಶ ಮಾಡಿಕೊಂಡರು.

ಈ ಅಳತೆಗೋಲು ಹಿಡಿದು ನಮ್ಮ ಸದನವನ್ನು ನೋಡೋಣ.

ಅಸ್ಪೃಶ್ಯತೆ ರದ್ದು ಎಂಬ ವಿಧಿ 1948ರ ನವೆಂಬರ್ 29ರಂದು ಒಪ್ಪಿಗೆಯಾಯಿತು. ಸಭೆಯಲ್ಲಿ ಗಾಂಧೀಜಿಗೆ ಜಯಕಾರ ಎದ್ದಿತು. ಅದು 17ನೇ ವಿಧಿಯಾಗಿ 1950ರ ಜನವರಿ 26ಕ್ಕೆ ಜಾರಿಗೆ ಬಂತು. ಆಚರಣೆ ಮಾಡಿದರೆ ಕಾನೂನಿನ ಪ್ರಕಾರ ಶಿಕ್ಷೆ ಎಂದು ವಿಧಿಯಲ್ಲೇ ಬರೆದಿದೆ. ಸರಿ, ಆ ಕಾನೂನು ಎಲ್ಲಿ? ಪಾರ್ಲಿಮೆಂಟು ಅದನ್ನು ಮಾಡಿದ್ದು 1955ರಲ್ಲಿ, ಹೊಸ ಚುನಾವಣೆ ಮುಗಿದು ಮೂರು ವರ್ಷವಾದ ಮೇಲೆ. ಅಷ್ಟು ದಿನ ಕೆಲವು ಪ್ರಾಂತ್ಯಗಳ ಹಳೇ ಕಾಯ್ದೆಗಳೇ ಗತಿ. ನಮ್ಮ ಧಾರವಾಡ ಜಿಲ್ಲೆಗೆ ಮುಂಬಯಿ ಪ್ರಾಂತ್ಯದ 1947ರ ದೇವಾಲಯ ಪ್ರವೇಶದ ಕಾಯ್ದೆ ಇತ್ತು ನಿಜ. ಆದರೆ ಕಾಯ್ದೆಯ ಪುಸ್ತಕ ಕಚೇರಿಯ ಕಪಾಟಿನಲ್ಲಿ. ಗುಡಿಯ ಕೀಲಿಕೈ ಗೌಡರ ಸೊಂಟದಲ್ಲಿ. ‘ಕಾನೂನು ಬಂತಂತ, ನಮ್ಮ ಓಣಿಗೆ ಯಾವಾಗ ಬರತದ?’ ಎನ್ನುವ ಮಾತಿಗೆ ಇಂಥಲ್ಲೇ ಅರ್ಥ.

ಇನ್ನು ಅವಸರ ನೋಡಿ. ಸಂವಿಧಾನ ಜಾರಿಯಾಗಿ ಒಂದೇ ತಿಂಗಳಿಗೆ, 1950ರ ಫೆಬ್ರವರಿ 25ರಂದು, ಸರ್ದಾರ್ ಪಟೇಲರು ಮುಂಜಾಗ್ರತಾ ಬಂಧನದ ಮಸೂದೆ ತಂದರು. ಅಪರಾಧ ಸಾಬೀತಿಲ್ಲದೆ, ವಿಚಾರಣೆಯಿಲ್ಲದೆ ಮನುಷ್ಯನನ್ನು ಒಳಗಿಡುವ ಕಾಯ್ದೆ. ಮಂಡನೆ, ಚರ್ಚೆ, ಒಪ್ಪಿಗೆ ಎಲ್ಲ ಅದೇ ದಿನ. ತೆಲಂಗಾಣದ ಹೋರಾಟಗಾರರು, ಕಮ್ಯುನಿಸ್ಟರು ಇದರ ಕಣ್ಣ ಮುಂದಿದ್ದರು. ಎ.ಕೆ. ಗೋಪಾಲನ್ ಸುಪ್ರೀಂ ಕೋರ್ಟಿಗೆ ಹೋದರು. ಆ ಮೇ ತಿಂಗಳಲ್ಲಿ ಕೋರ್ಟು ಕಾಯ್ದೆಯ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತು. ಸುಮಾರು ಒಂದು ವರ್ಷಕ್ಕೆ ಅಂತ ಬಂದ ಆ ಕಾಯ್ದೆ ಅವಧಿ ಬೆಳೆಸುತ್ತ ಬೆಳೆಸುತ್ತ 1969ರ ಕೊನೆಯವರೆಗೆ ಬಾಳಿತು. ಬಂಧಿಸುವ ಕಾಯ್ದೆಗೆ ಒಂದು ದಿನ, ಅಸ್ಪೃಶ್ಯತೆಗೆ ಶಿಕ್ಷೆ ಕೊಡುವ ಕಾಯ್ದೆಗೆ ಐದು ವರ್ಷ.

ಮತ್ತೊಂದು ತಡ ಹಿಂದೂ ಸಂಹಿತೆ ಮಸೂದೆಯದು. ಮಗಳಿಗೆ ಆಸ್ತಿಯಲ್ಲಿ ಪಾಲು, ಹೆಂಡತಿಗೆ ವಿಚ್ಛೇದನದ ಹಕ್ಕು, ಗಂಡಿಗೆ ಒಂದೇ ಮದುವೆ. 1947ರ ಏಪ್ರಿಲ್‌ನಲ್ಲಿ ಮಂಡನೆಯಾಗಿ 1948ರ ಏಪ್ರಿಲ್‌ನಲ್ಲಿ ಆಯ್ಕೆ ಸಮಿತಿಗೆ ಹೋಯಿತು. 1951ರ ಸೆಪ್ಟೆಂಬರಿನ ಹೊತ್ತಿಗೆ ಒಪ್ಪಿಗೆಯಾದದ್ದು ನಾಲ್ಕೇ ಕಲಮು. ಚುನಾವಣೆ ಹತ್ತಿರ ಬಂತು, ಸನಾತನಿಗಳ ಕೂಗು ಜೋರಾಯಿತು, ಮಸೂದೆಯನ್ನು ಕೈಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಈ ಮಸೂದೆಯ ಗತಿ, ಪರಿಶಿಷ್ಟರ ಬಗ್ಗೆ ಸರಕಾರದ ಅಸಡ್ಡೆ ಎರಡನ್ನೂ ತಮ್ಮ ಹೇಳಿಕೆಯಲ್ಲಿ ಕಾರಣವಾಗಿ ಕೊಟ್ಟರು. ಸಂವಿಧಾನ ಬರೆಯಲು ಬೇಕಾಗಿದ್ದ ಮನುಷ್ಯ ಮನೆಯೊಳಗಿನ ಕಾನೂನು ಬರೆಯಲು ಬೇಡವಾದ.

ಬೆಂಕಿ ಹತ್ತಿದಾಗ ನೀರು ಹೊತ್ತವರನ್ನು ಯಾಕೆ ತಡ ಅಂತ ಕೇಳಬಾರದು ಎನ್ನುವವರಿದ್ದಾರೆ. ಇದಕ್ಕೆ ಸದನದ ಕೆಲಸವೇ ಉತ್ತರ. ಅದೇ ಬೆಂಕಿಯ ನಡುವೆ ಅವರು 21 ವರ್ಷ ತುಂಬಿದ ಎಲ್ಲರಿಗೂ ಮತ ಎಂದು ಒಪ್ಪಿದರು. ಸಂವಿಧಾನ ಮುಗಿಯುವ ಮುಂಚೆಯೇ ಮತದಾರರ ಪಟ್ಟಿಯ ಕೆಲಸ ಶುರುವಾಯಿತು. ಸುಮಾರು 17 ಕೋಟಿ ಹೆಸರು ಬರೆದರು. ಜೀತದಾಳಿನ ಹೆಸರೂ ಜಮೀನುದಾರನ ಹೆಸರೂ ಒಂದೇ ಪಟ್ಟಿಯಲ್ಲಿ. ಅಮೆರಿಕಕ್ಕೆ ಇದಕ್ಕೆ ಎರಡು ಶತಮಾನ ಹತ್ತಿರ ಹಿಡಿಯಿತು. ಇದು ಸಣ್ಣ ಕೆಲಸವಲ್ಲ, ಇದನ್ನು ಹಗುರ ಮಾಡುವವರು ನಮ್ಮವರಲ್ಲ. 1951ರ ಏಪ್ರಿಲ್‌ನಲ್ಲಿ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಮೀಸಲಾತಿಯನ್ನು ತಳ್ಳಿಹಾಕಿತು. ಜೂನ್ 18ರ ಹೊತ್ತಿಗೆ ಮೊದಲ ತಿದ್ದುಪಡಿಯೇ ಬಂತು: ಮೀಸಲಾತಿಗೆ 15ನೇ ವಿಧಿಯ 4ನೇ ಕಲಮು, ಜಮೀನ್ದಾರಿ ರದ್ದತಿಗೆ ಕೋರ್ಟಿನಿಂದ ರಕ್ಷಣೆ. ಅದೇ ತಿದ್ದುಪಡಿಯಲ್ಲಿ ಮಾತು, ಬರಹದ ಮೇಲೆ ಹೊಸ ಬಿಗಿಯನ್ನೂ ಸೇರಿಸಿದರು. ಒಂದು ಕೈಯಲ್ಲಿ ಕೊಟ್ಟರು, ಇನ್ನೊಂದು ಕೈಯಲ್ಲಿ ಹಿಡಿದರು. ಅಂದಮೇಲೆ ವೇಳೆ ಇತ್ತು, ಶಕ್ತಿ ಇತ್ತು. ತಡವಾದ ಕಡೆ ಕೊರತೆಯಾದದ್ದು ಮನಸ್ಸು.

ತಡದ ನಿಜವಾದ ಉದ್ದ ತಿಳಿಯಬೇಕಾದರೆ ದಿಲ್ಲಿ ಬಿಟ್ಟು ನಮ್ಮ ಚಾವಡಿಗೆ ಬರಬೇಕು. ಭೂಮಿ ರಾಜ್ಯಗಳ ವಿಷಯ ಅಂತ ಬರೆದವರೂ ಅದೇ ಸಂವಿಧಾನ ಸಭೆಯವರು. ಮುಂಬಯಿ ಪ್ರಾಂತ್ಯದಲ್ಲಿ ಊರ ಕೀಳು ಚಾಕರಿಯೆಂದು ಬರೆದಿಟ್ಟ ವತನಗಳಿದ್ದವು. ಕಂದಾಯದ ಹಣ ಹೊತ್ತು ಖಜಾನೆಗೆ ನಡೆಯಬೇಕು, ಸಾಹೇಬರು ಬಂದರೆ ಮುಂದೆ ಓಡಬೇಕು, ಟಪಾಲು ಒಯ್ಯಬೇಕು. ಹಗಲಿಲ್ಲ, ರಾತ್ರಿಯಿಲ್ಲ. ಗಂಡಸು ಮನೆಯಲ್ಲಿ ಇಲ್ಲದಿದ್ದರೆ ಮನೆಯ ಬೇರೆಯವರು ಹೋಗಬೇಕು. ಬದಲಿಗೆ ಒಂದು ತುಂಡು ಹೊಲ, ಸುಗ್ಗಿಯಲ್ಲಿ ಒಂದಿಷ್ಟು ಕಾಳು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಇದಕ್ಕೆ ಆಧಾರ. ಈ ಬೇಡಿ ಬಿಚ್ಚಲು ಅಂಬೇಡ್ಕರ್ 1928ರಲ್ಲೇ ಮುಂಬಯಿ ಕೌನ್ಸಿಲಿನಲ್ಲಿ ಮಸೂದೆ ತಂದಿದ್ದರು. ಅದು ದಡ ಸೇರಲಿಲ್ಲ. 1937ರಲ್ಲಿ ಮತ್ತೆ ತಂದರು. ಸ್ವಾತಂತ್ರ್ಯ ಬಂತು, ಸವಣೂರು 1948ರಲ್ಲಿ ಮುಂಬಯಿಗೆ ಸೇರಿತು, ಗಣರಾಜ್ಯವಾಯಿತು. ವತನ ಹಾಗೇ ಇತ್ತು. ಮುಂಬಯಿ ರಾಜ್ಯ ಅದನ್ನು ರದ್ದು ಮಾಡಿದ್ದು 1958ರಲ್ಲಿ. ಆದರೆ 1956ರ ನವೆಂಬರ್ 1ಕ್ಕೇ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತ್ತು. ನಮಗೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು, 1963ಕ್ಕೆ ಜಾರಿಯಾಯಿತು. 1928ರಿಂದ ಎಣಿಸಿ: 35 ವರ್ಷ.

ಅಲ್ಲಿಗೂ ಮುಗಿಯಲಿಲ್ಲ. ವತನಿ ಹೊಲ ಹಳೇ ಚಾಕರಿಯವರಿಗೇ ಮರುಮಂಜೂರಾಗಬೇಕಿತ್ತು. ಆ ಹೊಲವನ್ನು ಪರಭಾರೆ ಮಾಡದಂತೆ 15 ವರ್ಷದ ತಡೆ ಹಾಕಿದ್ದು 1978ರ ತಿದ್ದುಪಡಿಯಲ್ಲಿ. ಅದೇ 1978ರಲ್ಲಿ ಪರಿಶಿಷ್ಟರಿಗೆ ಸರಕಾರ ಕೊಟ್ಟ ಜಮೀನು ಮಾರಾಟವಾಗಿದ್ದರೆ ಮರಳಿ ಕೊಡಿಸುವ ದೊಡ್ಡ ಕಾಯ್ದೆ ಬಂತು. ಆದರೆ ವಂಶಪಾರಂಪರ್ಯ ಹುದ್ದೆಯ ಜಮೀನನ್ನು ಅದರ ವ್ಯಾಖ್ಯೆಯಿಂದಲೇ ಹೊರಗಿಟ್ಟರು. ತಲೆತಲಾಂತರ ಬಿಟ್ಟಿ ದುಡಿದು ಗಳಿಸಿದ ಹೊಲಕ್ಕೇ ಆ ಕೊಡೆ ಇಲ್ಲ. ತಡವೆಂದರೆ ಬರೀ ಕಾಲವಲ್ಲ. ತಡವಾದ ಅಷ್ಟೂ ದಿನ ಸಾಲ, ಮದುವೆ, ಬರಗಾಲ ಬರುತ್ತಲೇ ಇರುತ್ತವೆ. ಹೊಲ ಕೈ ದಾಟುತ್ತಲೇ ಇರುತ್ತದೆ.

1949ರ ನವೆಂಬರ್ 25ರಂದು ಅಂಬೇಡ್ಕರ್ ಸಭೆಗೆ ಎಚ್ಚರ ಹೇಳಿದ್ದು ಇದನ್ನೇ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ: ಈ ವಿರೋಧವನ್ನು ಬೇಗ ನೀಗದಿದ್ದರೆ ನೊಂದವರು ಕಟ್ಟಿದ್ದನ್ನೆಲ್ಲ ಕೆಡವುತ್ತಾರೆ ಎಂಬುದು ಅವರ ಮಾತಿನ ಸಾರ. ಆ ಮಾತಿನಲ್ಲಿ ಎಲ್ಲಕ್ಕಿಂತ ತೂಕದ ಪದ ‘ಬೇಗ’.

ಹಳ್ಳಿಯ ಶಾಲೆಯ ಮಾಸ್ತರರಿಗೆ, ಅಕ್ಕೋರಿಗೆ ಒಂದು ಮಾತು. ಜನವರಿ 26ರಂದು ಧ್ವಜ ಏರಿಸಿದ ಮೇಲೆ ಕರಿಹಲಗೆಯ ಮೇಲೆ ಎರಡು ಸಾಲು ಬರೆಯಿರಿ. ಒಂದರಲ್ಲಿ ಒಂದು ದಿನದಲ್ಲಿ, ಒಂದು ತಿಂಗಳಲ್ಲಿ ಆದ ಕಾಯ್ದೆಗಳು. ಇನ್ನೊಂದರಲ್ಲಿ ಐದು ವರ್ಷ, 35 ವರ್ಷ ಹಿಡಿದವು. ಯಾರಿಗೆ ಬೇಕಾದದ್ದು ಯಾವ ಸಾಲಿನಲ್ಲಿದೆ ಅಂತ ಮಕ್ಕಳೇ ಹೇಳಲಿ. ಸಂಘಟನೆಯ ಗೆಳೆಯರಿಗೂ ಅದೇ ಲೆಕ್ಕ. ಸೇಂಟ್ ಡೊಮಿಂಗೊ ಎದ್ದ ಮೇಲೆಯೇ ಪ್ಯಾರಿಸ್ ಅವಸರ ಮಾಡಿದ್ದು. ಸದನದ ಗಡಿಯಾರಕ್ಕೆ ಕೀಲಿ ಕೊಡುವವರು ಒಳಗೆ ಕೂತಿಲ್ಲ, ಹೊರಗಿದ್ದಾರೆ.