ಮಣ್ಣುಂಡೆ ಹೊತ್ತವನಿಗೆ ದಾರಿ ಎಲ್ಲಿ?



ಹೊಲದ ದಾರಿ, ಕೆರೆ ಏರಿ ದಾರಿ, ಸ್ಮಶಾನದ ದಾರಿ. ಪಂಚಾಯ್ತಿಯ ಕ್ರಿಯಾಯೋಜನೆಗೆ ಯಾವ ದಾರಿ ಸೇರಬೇಕು ಅನ್ನೋ ಮಾತು ಬಂದಾಗ ನಮ್ಮ ಕೇರಿಯವರು ಹಿಂದೆ ನಿಲ್ಲಬಾರದು. ಯಾಕಂದ್ರೆ ಊರಿನ ಗಡಿ, ದಾರಿ ಬಲ್ಲವರು ನಮ್ಮ ಹಿರಿಯರೇ. ಇದು ಜಂಬದ ಮಾತಲ್ಲ, ಬರಹದಲ್ಲಿರೋ ಸಂಗತಿ.

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೊಲೆಯರ ಪೈಕಿ ಒಬ್ಬ ಕುಳವಾಡಿ ಇರ್ತಿದ್ದ. 1873ರಲ್ಲಿ ಕ್ಯಾಪ್ಟನ್ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವನ ಬಗ್ಗೆ ಬರೆದ. ಗಡಿ ತಕರಾರು ಬಂದ್ರೆ ಕುಳವಾಡಿ ಆಣೆಯೇ ಕೊನೆ. ಊರ ಮಣ್ಣಿನ ಉಂಡೆ, ಅದರ ನಡುವೆ ನೀರು. ಅದನ್ನ ತಲೆ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೀಬೇಕು. ಹೆಜ್ಜೆ ತಪ್ಪಿದ್ರೆ ಉಂಡೆ ತಾನಾಗೇ ಒಡೆಯುತ್ತೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ, ಮನೆ ಹಾಳಾಗುತ್ತೆ ಅನ್ನೋದು ಆಗಿನ ಜನರ ನಂಬಿಕೆ.

ಲೆಕ್ಕ ನೋಡಿ: ಜಮೀನು ಊರಿನವರದು, ಸಾವು ಕುಳವಾಡಿಯದು. ಅದೇ ಬರಹದಲ್ಲೇ ಹೊಲಗೇರಿ ಊರ ಬೇಲಿಯ ಆಚೆಗಿತ್ತು ಅಂತಲೂ ಇದೆ. ಗಡಿ ತೋರಿಸೋಕೆ ನಾವು ಬೇಕು, ಊರೊಳಗೆ ಇರೋಕೆ ಬೇಡ.

ನಮ್ಮ ಕಿಕ್ಕೇರಿಗೆ ದೂರವಲ್ಲದ ಮೇಲುಕೋಟೆಯಲ್ಲಿ ನಮ್ಮವರಿಗೆ ದೇವಸ್ಥಾನದ ಪ್ರವೇಶ ವರ್ಷಕ್ಕೆ ಮೂರೇ ದಿನ ಇತ್ತು. ಕೇರಳದ ವೈಕಂನಲ್ಲಂತೂ ಗುಡಿ ಸುತ್ತಲಿನ ಬೀದಿಯಲ್ಲಿ ನಡೆಯೋದಕ್ಕೇ 1924–25ರಲ್ಲಿ ಸತ್ಯಾಗ್ರಹ ಮಾಡ್ಬೇಕಾಯ್ತು. ಒಳಗೆ ಹೋಗೋಕಲ್ಲ, ಬರೀ ಬೀದಿಯಲ್ಲಿ ನಡೆಯೋಕೆ!

ಇತ್ತ ಮೈಸೂರಲ್ಲಿ 1863ರಲ್ಲಿ ಕಂದಾಯ ಸರ್ವೆ ಶುರುವಾಯ್ತು. ಗಡಿಕಲ್ಲು ಬಂತು, ನಕಾಶೆ ಬಂತು. ಕುಳವಾಡಿ ತಲೆಯಲ್ಲಿದ್ದ ತಿಳಿವಳಿಕೆ ಕಚೇರಿಯ ಬೀರು ಸೇರಿತು. ಬಂಡಿದಾರಿ, ಕಾಲುದಾರಿ ಎಲ್ಲಾ ಗ್ರಾಮ ನಕಾಶೆಯಲ್ಲಿ ಚುಕ್ಕಿಗೆರೆಯಾಗಿ ಉಳಿದವು.

ಬಾಬಾಸಾಹೇಬರ ಸಂವಿಧಾನ 15(2)ನೇ ವಿಧಿಯಲ್ಲಿ ಬಾವಿ, ಕೆರೆ ಜೊತೆಗೆ ರಸ್ತೆಯ ಹೆಸರನ್ನೂ ಬರೆಯಿತು. 1955ರ ಕಾಯ್ದೆ ದಾರಿ, ಸ್ಮಶಾನ ತಡೆಯೋದನ್ನ ಅಪರಾಧ ಮಾಡಿತು. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ ಸರ್ಕಾರದ ಸ್ವತ್ತು ಅಂತ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತೆ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ.

ಆದ್ರೆ ಚುಕ್ಕಿಗೆರೆ ಮೇಲೆ ನೇಗಿಲು ಹರಿಯೋದು ನಿಂತಿಲ್ಲ. ಈ ವರ್ಷ ಒಂದು ಗೇಣು, ಮುಂದಿನ ವರ್ಷ ಇನ್ನೊಂದು ಗೇಣು. ದೊಡ್ಡ ಹಿಡುವಳಿಯವನು ತನ್ನ ಜಮೀನಲ್ಲೇ ದಾರಿ ಮಾಡ್ಕೋತಾನೆ. ಮಂಜೂರಾದ ಒಂದೆಕರೆಯವನು ಎಲ್ಲಿ ಹೋಗ್ಬೇಕು? ಕೂಲಿಗೆ ಹೋಗೋ ಹೆಣ್ಣುಮಕ್ಕಳು? ಹೆಗಲ ಮೇಲೆ ಹೆಣ ಹೊತ್ತವರು?

ಅದಕ್ಕೆ ನನ್ನ ಮನವಿ ಇಷ್ಟೇ. ಗ್ರಾಮ ನಕಾಶೆಯ ಪ್ರತಿ ತಗೊಳ್ಳಿ. ಕೇರಿಯ ಹಿರಿಯರನ್ನ ಕರ್ಕೊಂಡು ಒಂದೊಂದು ದಾರೀನೂ ನಡೆದು ನೋಡಿ, ಮುಚ್ಚಿರೋದನ್ನ ಗುರುತು ಹಾಕಿ. ಆಮೇಲೆ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ತಗೊಳ್ಳಿ. ತಹಶೀಲ್ದಾರರಿಗೂ ಅರ್ಜಿ ಹಾಕಿ. ಯೋಜನೆ ಕೇರಿಯಿಂದ ಶುರುವಾಗಿ ಸ್ಮಶಾನ, ಕೆರೆ, ಹೊಲ, ಶಾಲೆ ಮುಟ್ಟಲಿ.

ಅಂದು ಮಣ್ಣುಂಡೆ ಹೊತ್ತು ನಡೆದದ್ದು ಬೇರೆಯವರ ಗಡಿಗೆ. ಈಗ ನಕಾಶೆ ಹಿಡಿದು ನಡೆಯೋಣ, ನಮ್ಮ ದಾರಿಗೆ.

ಜೈ ಭೀಮ್.