ಒಂದು ಬಟ್ಟಲು ರಾಮೆನ್ ಮತ್ತು ಹೆಸರು ಬರೆಯದ ಕೈಗಳು

ಕಳೆದ ರಾಜ್ಯೋತ್ಸವದ ಊಟದ ಹೊತ್ತಿನಲ್ಲಿ ನಾನು ಬಿಸಿಬೇಳೆಬಾತ್ ಬಡಿಸುತ್ತಿದ್ದೆ. ಕಾಲೇಜು ಓದುವ ನಮ್ಮ ಸಂಘದ ಹುಡುಗಿಯೊಬ್ಬಳು ತಟ್ಟೆ ಚಾಚುತ್ತಾ ಕೇಳಿದಳು: "ಅಕ್ಕಾ, ನೀವು ಜಪಾನಿಗೆ ಹೋಗಿ ಬಂದವರಲ್ವಾ? ಕೊಚ್ಚಿಯಲ್ಲಿ ಒಳ್ಳೆ ರಾಮೆನ್ ಎಲ್ಲಿ ಸಿಗುತ್ತೆ ಹೇಳಿ."

ಹಿಂದೆ ಸಾಲು ಉದ್ದವಿತ್ತು. ನನಗೆ ಗೊತ್ತಿದ್ದ ಎರಡು ಹೋಟೆಲಿನ ಹೆಸರು ಹೇಳಿ ಕಳುಹಿಸಿದೆ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಒಳ್ಳೆಯ ರಾಮೆನ್ ಅಂದರೆ ಯಾವುದು? ಅದು ಯಾರ ಅಡುಗೆ? ಹುಡುಕುತ್ತಾ ಹೋದ ಹಾಗೆ ದಾರಿ ಟೋಕಿಯೊದಿಂದ ತಿರುವನಂತಪುರಕ್ಕೆ, ಅಲ್ಲಿಂದ ಧಾರವಾಡದ ನನ್ನ ಅಜ್ಜಿಯ ಪಡಸಾಲೆಗೆ ಬಂದು ನಿಂತಿತು. ಅವಳಿಗೆ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಧಾರವಾಡದ ಹತ್ತಿರ. ಎಂ.ಟೆಕ್ ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ಈಗ ಕೊಚ್ಚಿಯ ಕಾಕ್ಕನಾಡಿನಲ್ಲಿದ್ದೇನೆ. ಜಪಾನಿನ ಗ್ರಾಹಕರ ಒಂದು ಪ್ರಾಜೆಕ್ಟಿಗಾಗಿ ಮೂರು ತಿಂಗಳು ಟೋಕಿಯೊದಲ್ಲಿದ್ದೆ. ನಾನು ಇತಿಹಾಸ ಓದಿದವಳಲ್ಲ. ಆದರೆ ಒಂದು ದೋಷ ಕಂಡರೆ ಅದರ ಮೂಲ ಎಲ್ಲಿದೆ ಎಂದು ಹಿಂದಕ್ಕೆ ಹುಡುಕುವುದು ನಮ್ಮ ವೃತ್ತಿಯ ಅಭ್ಯಾಸ. ಅದೇ ಅಭ್ಯಾಸ ಇಲ್ಲಿಯೂ ಕೆಲಸಕ್ಕೆ ಬಂತು.

ನಮ್ಮ ತಲೆಮಾರಿಗೆ ರಾಮೆನ್ ಎಂಬ ಪದ ಪರಿಚಯವಾದದ್ದು ಜಪಾನಿನಿಂದಲ್ಲ, ಕಿರಾಣಿ ಅಂಗಡಿಯ ಟಾಪ್ ರಾಮೆನ್ ಪೊಟ್ಟಣದಿಂದ. ಜಪಾನಿನ ನಿಸ್ಸಿನ್ ಕಂಪನಿ 1988ರಲ್ಲಿ ಭಾರತಕ್ಕೆ ಕಾಲಿಟ್ಟಾಗ ಆರಿಸಿಕೊಂಡದ್ದು ನಮ್ಮ ಬೆಂಗಳೂರನ್ನೇ. 1990ರ ದಶಕದ ಆರಂಭದಲ್ಲಿ ಟಾಪ್ ರಾಮೆನ್ ಮಾರುಕಟ್ಟೆಗೆ ಬಂತು. ಹಾಸ್ಟೆಲ್ಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಕೆಟಲ್ಲಿನಲ್ಲಿ ನೀರು ಕಾಯಿಸಿ ತಿಂದವರಿಗೆಲ್ಲ ಅದರ ರುಚಿ ಗೊತ್ತು.

ಆದರೆ ರಾಮೆನ್ ಜಪಾನಿನಲ್ಲಿ ಹುಟ್ಟಿದ ಅಡುಗೆಯೂ ಅಲ್ಲ. ಕೈಯಿಂದ ಎಳೆದು ಮಾಡುವ ಚೀನಾದ 'ಲಾಮಿಯೆನ್' ಎಂಬ ನೂಡಲ್ಸಿನಿಂದ ಆ ಹೆಸರು ಬಂತೆಂದು ಬಹಳ ಜನ ಹೇಳುತ್ತಾರೆ. ಯೊಕೊಹಾಮಾದಂಥ ಬಂದರು ಊರುಗಳಲ್ಲಿ ನೆಲೆಸಿದ ಚೀನೀಯರು ಗೋಧಿಯ ಎಳೆಗಳನ್ನು ಬಿಸಿ ಸಾರಿನಲ್ಲಿ ಹಾಕಿ ಕೊಡುತ್ತಿದ್ದರು. 1910ರಲ್ಲಿ ಟೋಕಿಯೊದ ಅಸಕುಸದಲ್ಲಿ 'ರೈರೈಕೆನ್' ಎಂಬ ಹೋಟೆಲು ತೆರೆಯಿತು. ಮಾಲೀಕ ಜಪಾನಿನವನು, ಯೊಕೊಹಾಮಾದಲ್ಲಿ ಕಸ್ಟಮ್ಸ್ ಕೆಲಸದಲ್ಲಿದ್ದವನು. ಅಡುಗೆಯವರು ಯೊಕೊಹಾಮಾದಿಂದ ಕರೆತಂದ ಚೀನೀಯರು. ಜನ ಆಗ ಅದನ್ನು 'ಚೀನೀ ನೂಡಲ್ಸ್' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಅಕ್ಕಿಯ ಕೊರತೆಯಾಗಿ ಅಮೆರಿಕದ ಗೋಧಿ ಹಡಗುಗಳಲ್ಲಿ ಬಂತು. ಹಸಿದ ಜನರಿಗೆ ಬೀದಿಗಾಡಿಯ ರಾಮೆನ್ ಹೊಟ್ಟೆ ತುಂಬಿಸಿತು. ಹೀಗೆ ಚೀನಾದ ಕೈ, ಅಮೆರಿಕದ ಗೋಧಿ, ಜಪಾನಿನ ಹಸಿವು ಸೇರಿ ಇಂದಿನ ರಾಮೆನ್ ಆಯಿತು.

ಕೊಚ್ಚಿಯಲ್ಲಿರುವ ನಮಗೆ ಇದು ಹೊಸದೇನಲ್ಲ. ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಮುಂದೆ ಫೋಟೊ ತೆಗೆಸಿಕೊಳ್ಳದ ಕನ್ನಡಿಗರಿಲ್ಲ. ಇಲ್ಲಿನ ಮನೆಗಳಲ್ಲಿ ಬಾಣಲೆಗೆ 'ಚೀನಚಟ್ಟಿ' ಎನ್ನುತ್ತಾರೆ, ಉಪ್ಪಿನಕಾಯಿಯ ಜಾಡಿಗೆ 'ಚೀನಭರಣಿ' ಎನ್ನುತ್ತಾರೆ. 15ನೇ ಶತಮಾನದಲ್ಲಿ ಚೀನಾದ ನೌಕಾಪಡೆಯೊಡನೆ ಬಂದ ಮಾ ಹುವಾನ್ ಕೊಚ್ಚಿಯ ಬಗ್ಗೆ ಬರೆದಿಟ್ಟಿದ್ದಾನೆ. ಬಂದರು ಊರಿನಲ್ಲಿ ಯಾವ ಅಡುಗೆಯೂ ಒಬ್ಬರದೇ ಆಗಿ ಉಳಿಯುವುದಿಲ್ಲ.

ಈಗ ಪೊಟ್ಟಣದ ಕತೆಗೆ ಬರೋಣ. ತೈವಾನಿನಲ್ಲಿ ಹುಟ್ಟಿದ ಮೊಮೊಫುಕು ಆಂದೊ ನಲವತ್ತೇಳರ ಪ್ರಾಯದಲ್ಲಿ ಇದ್ದ ಹಣವನ್ನೆಲ್ಲ ಕಳೆದುಕೊಂಡಿದ್ದರು. ಒಸಾಕಾ ಬಳಿಯ ಇಕೆದ ಎಂಬ ಊರಿನಲ್ಲಿ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಕೂತು, ಬಿಸಿನೀರು ಹಾಕಿದರೆ ತಕ್ಷಣ ತಿನ್ನುವಂತಾಗುವ ನೂಡಲ್ಸಿಗಾಗಿ ಒಂದು ವರ್ಷ ಹೆಣಗಿದರು. ಎಳೆಗಳನ್ನು ಒಣಗಿಸುವ ಉಪಾಯ ಮಾತ್ರ ಹೊಳೆಯಲಿಲ್ಲ. ಒಂದು ದಿನ ಹೆಂಡತಿ ಮಸಾಕೊ ತೆಂಪುರಾ ಕರಿಯುತ್ತಿದ್ದುದನ್ನು ನೋಡಿದರಂತೆ. ನಮ್ಮ ಬಜ್ಜಿಯಂತೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ತಿಂಡಿ ಅದು. ಎಣ್ಣೆಯಲ್ಲಿ ನೀರಿನಂಶ ಹಾರಿಹೋಗಿ ಹಿಟ್ಟಿನಲ್ಲಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಆಮೇಲೆ ಬಿಸಿನೀರು ಬಿದ್ದರೆ ಅದೇ ರಂಧ್ರಗಳ ಮೂಲಕ ಒಳಗೆ ಹೋಗುತ್ತದೆ. ಅಲ್ಲಿಗೆ ಸಮಸ್ಯೆ ಬಗೆಹರಿಯಿತು. 1958ರ ಆಗಸ್ಟ್ 25ರಂದು 'ಚಿಕನ್ ರಾಮೆನ್' ಮಾರಾಟಕ್ಕೆ ಬಂತು, 1971ರಲ್ಲಿ ಕಪ್ ನೂಡಲ್ಸ್ ಬಂತು.

ಈ ಕತೆ ಓದಿದಾಗ ನಾನು ಮಸಾಕೊ ಹತ್ತಿರವೇ ನಿಂತೆ. ಆ ಒಂದು ವರ್ಷ ಮನೆ ನಡೆಸಿದವರು ಯಾರು? ಇದ್ದ ಸ್ವಲ್ಪ ಹಣದಲ್ಲಿ ಎಣ್ಣೆ ಕಾಯಿಸಿ ಕರಿದವರು ಯಾರು? ಜಗತ್ತಿಗೆ ಆಂದೊ ಹೆಸರು ಗೊತ್ತು. ಮಸಾಕೊ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾರೆ. ಜಪಾನಿನ ದೂರದರ್ಶನ ಸಂಸ್ಥೆ ಎನ್‌ಎಚ್‌ಕೆ ಅವರ ಬದುಕನ್ನು ಆಧರಿಸಿ 'ಮಾನ್‌ಪುಕು' ಎಂಬ ಧಾರಾವಾಹಿ ಮಾಡಿತು. ಅದು 2018ರಲ್ಲಿ, ಚಿಕನ್ ರಾಮೆನ್ ಬಂದು 60 ವರ್ಷಗಳಾದ ಮೇಲೆ.

ಇನ್ನೊಂದು ಕತೆ ನಮ್ಮ ತಿರುವನಂತಪುರದ್ದು. ಟೋಕಿಯೊದಲ್ಲಿದ್ದಾಗ ಒಂದು ಭಾನುವಾರ ಅನ್ನ-ಸಾರಿನ ಆಸೆ ತಡೆಯಲಾಗದೆ ಗಿಂಜಾದ 'ನಾಯರ್ಸ್ ರೆಸ್ಟೋರೆಂಟ್' ಹುಡುಕಿಕೊಂಡು ಹೋದೆ. ಅದನ್ನು 1949ರಲ್ಲಿ ತೆರೆದವರು ಎ.ಎಂ. ನಾಯರ್. ತಿರುವನಂತಪುರದ ಕಡೆಯವರು. 1928ರಲ್ಲಿ ಜಪಾನಿಗೆ ಹೋಗಿ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದರು. ರಾಸ್ ಬಿಹಾರಿ ಬೋಸರ ಜೊತೆ ಸೇರಿ ಭಾರತದ ಸ್ವಾತಂತ್ರ್ಯಕ್ಕಾಗಿ ದುಡಿದರು. ಯುದ್ಧ ಮುಗಿದ ಮೇಲೆ ಜೀವನಕ್ಕಾಗಿ ಹೋಟೆಲು ತೆರೆದರು. ರಾಮೆನ್ ಭಾರತಕ್ಕೆ ಬರುವ ಎಷ್ಟೋ ಮೊದಲೇ ಕೇರಳದವರೊಬ್ಬರು ಜಪಾನಿಗೆ ಕರಿ ಬಡಿಸಿದ್ದರು. ಎಂಜಿನಿಯರಿಂಗ್ ಓದಿ ಪರಊರಿನಲ್ಲಿ ನೆಲೆಸಿದವಳಾದ ನನಗೆ ಅಲ್ಲಿ ಕೂತು ಉಣ್ಣುವಾಗ ಏನೋ ಒಂದು ಬಗೆಯ ನೆಂಟಸ್ತಿಕೆ ಅನಿಸಿತು.

ರಾಸ್ ಬಿಹಾರಿ ಬೋಸರ ಹಿಂದೆಯೂ ಒಂದು ಅಡುಗೆಮನೆ ಇದೆ. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಹೋದ ಅವರನ್ನು ದೇಶದಿಂದ ಹೊರಹಾಕಲು ಅಲ್ಲಿನ ಸರ್ಕಾರ ಹೊರಟಿತು. ಆಗ ಶಿಂಜುಕುವಿನ 'ನಾಕಾಮುರಾಯ' ಬೇಕರಿಯ ಸೊಮ ದಂಪತಿ ಅವರನ್ನು ತಮ್ಮ ಅಂಗಡಿಯ ಹಿಂದಿನ ಕಟ್ಟಡದಲ್ಲಿ ಬಚ್ಚಿಟ್ಟರು. ಮನೆಯೊಡತಿ ಸೊಮ ಕೊಕ್ಕೊ ಬರಹಗಾರ್ತಿ, ಇಂಗ್ಲಿಷ್ ಬಲ್ಲವರು. ಬೋಸರ ಜೊತೆ ಮಾತುಕತೆ ಅವರಿಂದಲೇ ನಡೆಯುತ್ತಿತ್ತು. ಅವರ ಮಗಳು ತೊಶಿಕೊ 1918ರಲ್ಲಿ ಬೋಸರನ್ನು ಮದುವೆಯಾದರು. ಪತ್ತೇದಾರರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಅಲೆಯುವ ಸಂಸಾರ. ಎರಡು ಮಕ್ಕಳಾದವು. 1925ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೊಶಿಕೊ ತೀರಿಕೊಂಡರು. 1927ರಲ್ಲಿ ನಾಕಾಮುರಾಯದಲ್ಲಿ ಬೋಸರು ಕಲಿಸಿದ ಭಾರತೀಯ ಕರಿ ಶುರುವಾಯಿತು. ಪೇಟೆಯ ಮಾಮೂಲಿ ಕರಿಗಿಂತ ಹಲವು ಪಟ್ಟು ದುಬಾರಿಯಾದರೂ ಜನ ಮುಗಿಬಿದ್ದರು. ಇಂದಿಗೂ ಅದು ಅಲ್ಲಿ ಸಿಗುತ್ತದೆ, ಜನ ಅದನ್ನು ಬೋಸರ ಕರಿ ಎನ್ನುತ್ತಾರೆ. ಆ ಕರಿಯ ಹಿಂದೆ ತಾಯಿ ಮಗಳಿಬ್ಬರ ಧೈರ್ಯವಿದೆ ಎಂದು ತಿಳಿದು ತಿನ್ನುವವರು ಎಷ್ಟು ಮಂದಿಯೋ.

ಈಗ ನನ್ನ ಅಜ್ಜಿಯ ವಿಷಯ. ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಶಾವಿಗೆ. ಉತ್ತರ ಕರ್ನಾಟಕದವರಿಗೆ ಶಾವಿಗೆ ಮಣೆ ಗೊತ್ತು. ಗೆರೆ ಕೊರೆದ ಉದ್ದನೆಯ ಹಲಗೆ. ಒಂದು ತುದಿ ಎತ್ತರಕ್ಕೆ, ಇನ್ನೊಂದು ತಗ್ಗಿಗೆ. ಅಜ್ಜಿ ಮೇಲೆ ಕೂತು, ನಾದಿ ಹದ ಮಾಡಿದ ಗೋಧಿ ಹಿಟ್ಟನ್ನು ಅಂಗೈಯಿಂದ ಉಜ್ಜಿದರೆ ಕೂದಲಿನಂಥ ಎಳೆಗಳು ಇಳಿಯುತ್ತಿದ್ದವು. ಕೆಳಗೆ ಕೂತ ದೊಡ್ಡಮ್ಮ ಅದನ್ನು ಹಿಡಿದು ಕೋಲಿನ ಮೇಲೆ ಒಣಹಾಕುತ್ತಿದ್ದರು. ಓಣಿಯ ಹೆಂಗಸರು ಸೇರುತ್ತಿದ್ದರು, ಇಂದು ನಮ್ಮ ಮನೆ, ನಾಳೆ ಅವರ ಮನೆ. "ಎಳಿ ಕಡಿದ್ರ ಕಡೀಲಿ ಬಿಡವ್ವಾ, ಕೈ ಅವಸರ ಮಾಡಬ್ಯಾಡ" ಎನ್ನುತ್ತಿದ್ದಳು ಅಜ್ಜಿ. ನಾನು ಪರೀಕ್ಷೆ, ಕೋಚಿಂಗ್ ಎಂದು ಕಲಿಯಲಿಲ್ಲ. ಅಜ್ಜಿ ಹೋದಾಗ ನಾನು ಟೋಕಿಯೊದಲ್ಲಿದ್ದೆ. ಒಂದು ಸೇರು ರವೆಗೆ ನೀರು ಎಷ್ಟು, ಎಷ್ಟು ಹೊತ್ತು ನೆನೆಸಬೇಕು ಎಂದು ಅಮ್ಮನನ್ನು ಕೇಳಿದರೆ "ಆಕಿ ಕೈಗೇ ಗೊತ್ತಿತ್ತು" ಎನ್ನುತ್ತಾರೆ. ಮಣೆ ಅಟ್ಟದಲ್ಲಿದೆ. ಅದರ ಮೇಲೆ ಕೂರುವವರು ಇಲ್ಲ.

ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಕೊಡಬೇಕು. ಕೊಚ್ಚಿಯ ಪನಂಪಿಳ್ಳಿ ನಗರ, ಮರೈನ್ ಡ್ರೈವ್, ಇಡಪ್ಪಳ್ಳಿಯ ಕಡೆ, ತಿರುವನಂತಪುರದ ಕವಡಿಯಾರ್, ವಳುದಕ್ಕಾಡಿನ ಕಡೆ ಏಷ್ಯಾದ ಬೇರೆ ಬೇರೆ ದೇಶಗಳ ಅಡುಗೆ ಮಾಡುವ ಹೋಟೆಲುಗಳಿವೆ. ಮೆನುಗಳು ಬೇಗ ಬದಲಾಗುತ್ತವೆ, ಆದ್ದರಿಂದ ಹೆಸರಿಗಿಂತ ಕೇಳಬೇಕಾದ ಪ್ರಶ್ನೆಗಳೇ ಹೆಚ್ಚು ಉಪಯೋಗ. ಮೊದಲನೆಯದು, ಎಳೆ. ರಾಮೆನ್ ಹಿಟ್ಟಿಗೆ 'ಕಾನ್ಸುಯಿ' ಎಂಬ ಕ್ಷಾರದ ನೀರು ಹಾಕುತ್ತಾರೆ. ನಮ್ಮ ಹಪ್ಪಳದ ಖಾರ, ಮಲಯಾಳಿಗಳ ಪಪ್ಪಡಕ್ಕಾರಂ ಇದ್ದ ಹಾಗೆಯೇ ಅದು. ಅದರಿಂದ ಎಳೆಗೆ ತುಸು ಹಳದಿ ಬಣ್ಣ ಮತ್ತು ಜಗಿದರೆ ಪುಟಿಯುವ ಗುಣ ಬರುತ್ತದೆ. ಬೇಯಿಸಿದ ಮಾಮೂಲಿ ನೂಡಲ್ಸ್ ಹಾಕಿ ಕೊಟ್ಟರೆ ಅದು ರಾಮೆನ್ ಅಲ್ಲ. ಎರಡನೆಯದು, ಸಾರು. ಅಲ್ಲೇ ಗಂಟೆಗಟ್ಟಲೆ ಕುದಿಸಿದ್ದೋ, ಪುಡಿ ಕಲಸಿದ್ದೋ ಕೇಳಿ. ಮೂರನೆಯದು, ನಮ್ಮ ಸಸ್ಯಾಹಾರಿ ಸದಸ್ಯರಿಗೆ: ಮೇಲೆ ತರಕಾರಿ ಇದ್ದರೂ ಸಾರಿನಲ್ಲಿ ಹಂದಿ, ಕೋಳಿ ಅಥವಾ ಒಣಮೀನು ಇರುವುದು ಸಾಮಾನ್ಯ. ಕೊಂಬು ಎಂಬ ಸಮುದ್ರದ ಪಾಚಿ ಮತ್ತು ಶಿಟಾಕೆ ಅಣಬೆಯಿಂದ ಮಾಡಿದ ಸಾರು ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಈ ಮೂರಕ್ಕೂ ನೇರ ಉತ್ತರ ಕೊಡುವ ಅಡುಗೆಯವರು ಇರುವಲ್ಲಿ ಒಳ್ಳೆಯ ರಾಮೆನ್ ಸಿಗುತ್ತದೆ. ಸಾಧ್ಯವಾದರೆ ಆ ಅಡುಗೆಯವರ ಹೆಸರನ್ನೂ ಕೇಳಿ.

ಕೊನೆಗೆ ನಮ್ಮ ಬಗ್ಗೆ ಒಂದು ಮಾತು. ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ತಿರುವಿ ನೋಡಿದೆ. ಅಧ್ಯಕ್ಷರು, ಕಾರ್ಯದರ್ಶಿ, ಧ್ವನಿವರ್ಧಕದ ಹೊಣೆ ಹೊತ್ತವರು, ಎಲ್ಲರ ಹೆಸರೂ ಇದೆ. ಊಟದ ಬಗ್ಗೆ ಮಾತ್ರ ಪ್ರತಿ ವರ್ಷ ಒಂದೇ ಸಾಲು: "ಊಟದ ವ್ಯವಸ್ಥೆ: ಮಹಿಳಾ ವಿಭಾಗ." ಯಾರೂ ಬೇಕೆಂದು ಬಿಟ್ಟದ್ದಲ್ಲ. ಆ ಸಂಚಿಕೆಗಳ ಕರಡು ತಿದ್ದಿದವರಲ್ಲಿ ನಾನೂ ಇದ್ದೆ, ನನಗೂ ಅದು ಕಣ್ಣಿಗೆ ಬೀಳಲಿಲ್ಲ. ಹೋಳಿಗೆ ಹೂರಣ ರುಬ್ಬಿದವರು, ಹಿಂದಿನ ರಾತ್ರಿ ಒಂದು ಗಂಟೆಯ ತನಕ ತರಕಾರಿ ಹೆಚ್ಚಿದವರು, ಕರಾವಳಿಯ ಒತ್ತು ಶ್ಯಾವಿಗೆಯನ್ನು ಇಲ್ಲಿನ ಅಕ್ಕಿಯಲ್ಲಿ ಹದಕ್ಕೆ ತಂದವರು, ಇವರ ಹೆಸರು ಎಲ್ಲಿಯೂ ಇಲ್ಲ.

ಆದ್ದರಿಂದ ವೇದಿಕೆಯ ಅಕ್ಕ-ತಂಗಿಯರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ರಾಜ್ಯೋತ್ಸವದೊಳಗೆ ಒಬ್ಬೊಬ್ಬರೂ ಒಂದು ಅಡುಗೆ ಬರೆದು ಕಳುಹಿಸಿ. ಅಳತೆ ಇರಲಿ, ಯಾರಿಂದ ಕಲಿತಿರಿ, ಅವರ ಊರು ಯಾವುದು, ಕೇರಳಕ್ಕೆ ಬಂದ ಮೇಲೆ ಏನು ಬದಲಾಯಿಸಿದಿರಿ ಎಂಬುದೂ ಇರಲಿ. ಟೈಪ್ ಮಾಡಲು ಕಷ್ಟವಾದರೆ ಫೋನಿನಲ್ಲಿ ಮಾತಾಡಿ ಕಳುಹಿಸಿ, ಬರೆದುಕೊಳ್ಳುವ ಕೆಲಸ ನನ್ನದು. ಈ ರಜೆಗೆ ಊರಿಗೆ ಹೋದಾಗ ಅಟ್ಟದಿಂದ ಮಣೆ ಇಳಿಸುವುದಾಗಿ ಅಮ್ಮನಿಗೆ ಹೇಳಿದ್ದೇನೆ. ದೊಡ್ಡಮ್ಮನಿಗೆ ಈಗ ಎಪ್ಪತ್ತೆಂಟು. ಕೆಳಗೆ ಕೂತು ಎಳೆ ಹಿಡಿದವರಿಗೆ ಮೇಲಿನ ಕೈಯ ಹದ ಸ್ವಲ್ಪವಾದರೂ ನೆನಪಿರಬಹುದು. ಆ ಹುಡುಗಿಯನ್ನೂ ಕರೆದಿದ್ದೇನೆ. ಮೊದಲು ರಾಮೆನ್ ಕೊಡಿಸಿ, ಆಮೇಲೆ ಬರುತ್ತೇನೆ ಎಂದಿದ್ದಾಳೆ.