ವೀರನಿಗೊಂದು ಅಳತೆ, ರಾಕ್ಷಸನಿಗೊಂದು ಅಳತೆ

ನಾಯಕನನ್ನು ಕಟ್ಟುವ ವಿಧಾನದಿಂದಲೇ ಪ್ರತಿನಾಯಕನನ್ನೂ ಕಟ್ಟಬೇಕೆ ಎಂಬುದು ಕಾವ್ಯಚರ್ಚೆಯ ಹಳೆಯ ಪ್ರಶ್ನೆ. ಇದೇ ಪ್ರಶ್ನೆ ಕಳೆದ ಐದು ದಶಕಗಳಿಂದ ಅಮೆರಿಕದ ಒಂದು ಮೇಜಿನಾಟದ ನಿಯಮಗ್ರಂಥಗಳಲ್ಲಿ ಅಂಕಿಗಳ ರೂಪದಲ್ಲಿ ಚರ್ಚಿತವಾಗುತ್ತ ಬಂದಿದೆ. ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಒಬ್ಬ ವೀರನ ಪಾತ್ರವನ್ನು ವಹಿಸುತ್ತಾನೆ. ನಿರ್ವಾಹಕನಾದ ಒಬ್ಬನು ಮಾತ್ರ ಉಳಿದ ಲೋಕವನ್ನೆಲ್ಲ, ಎದುರಾಗುವ ವಿಕಾರ ಜೀವಿಗಳನ್ನೆಲ್ಲ ನಡೆಸುತ್ತಾನೆ. ಸಂದೇಹ ಬಂದ ಕಡೆ ದಾಳ ತೀರ್ಪು ನೀಡುತ್ತದೆ.

ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಪ್ರಕಟವಾದ ಈ ಆಟದ ಕರ್ತೃಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೂರು ಕಿರುಹೊತ್ತಿಗೆಗಳಲ್ಲಿ ಮೊದಲನೆಯದು ವೀರರಿಗೆ, ಎರಡನೆಯದು ವಿಕಾರ ಜೀವಿಗಳಿಗೆ ಮೀಸಲು. ವೀರನಿಗೆ ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕುತನ, ವರ್ಚಸ್ಸು ಎಂಬ ಆರು ಗುಣಗಳಿದ್ದು, ಒಂದೊಂದಕ್ಕೂ ಮೂರು ದಾಳಗಳನ್ನು ಉರುಳಿಸಿ ಅಂಕ ನಿಗದಿಯಾಗುತ್ತಿತ್ತು. ವಿಕಾರ ಜೀವಿಗೆ ಈ ಆರರಲ್ಲಿ ಒಂದೂ ಇಲ್ಲ. ಅದರ ರಕ್ಷಣೆ, ವೇಗ, ಪ್ರಾಣಶಕ್ತಿ, ಒಮ್ಮೆಗೆ ಎಷ್ಟು ಎದುರಾಗುತ್ತವೆ, ಯಾವ ನಿಧಿಯನ್ನು ಕಾಯುತ್ತವೆ ಎಂಬಿಷ್ಟೇ ವಿವರ. ಇದಕ್ಕೆ ಕಾರಣ ಆಟದ ಮೂಲದಲ್ಲಿದೆ. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ‘ಚೈನ್‌ಮೇಲ್’ ಗೊಂಬೆಸೈನ್ಯಗಳ ಯುದ್ಧದಾಟ. ಅಲ್ಲಿ ಡ್ರ್ಯಾಗನ್ನೂ ಸೈನ್ಯದ ಒಂದು ಅಂಗ. ಸೈನ್ಯದ ಅಂಗಕ್ಕೆ ಬಲಾಬಲ ಬೇಕು, ಬದುಕು ಬೇಕಿಲ್ಲ.

ಗಮನಾರ್ಹವೆಂದರೆ, ಮೊದಲ ಹೊತ್ತಿಗೆಯೇ ಈ ಗಡಿಯನ್ನು ಸಡಿಲಿಸಿತ್ತು. ದುರ್ಬಲ ಸ್ಥಿತಿಯಿಂದ ಆರಂಭಿಸುವುದಾದರೆ ಆಟಗಾರನು ಡ್ರ್ಯಾಗನ್ ಆಗಿಯೂ ಆಡಬಹುದೆಂಬ ಅನುಮತಿ ಅದರಲ್ಲಿದೆ. ಆದರೆ 1979ರ ನಿರ್ವಾಹಕರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಇಂಥ ಬಯಕೆಯನ್ನು ನಿರುತ್ತೇಜಿಸಿದರು.

ಈ ಎರಡು ವರ್ಷಗಳ ನಡುವೆ ಭಾರತದ ಹೆಸರಿನ ಜೀವಿಯೊಂದು ಆಟವನ್ನು ಪ್ರವೇಶಿಸಿತು. 1977ರ ‘ಮಾನ್‌ಸ್ಟರ್ ಮ್ಯಾನ್ಯುಅಲ್’ನಲ್ಲಿ ರಾಕ್ಷಸನಿಗೆ ಹುಲಿಯ ತಲೆ, ಕೈಯಲ್ಲಿ ಧೂಮಪಾನದ ನಳಿಗೆ. ಮೊದಲು ಭಾರತದಲ್ಲಿ ಕಂಡುಬಂದ, ಮಾಂಸದೇಹ ತೊಟ್ಟ ದುಷ್ಟಾತ್ಮವೆಂದು ಅವನ ವರ್ಣನೆ. ಎದುರಿನವರ ಮನಸ್ಸನ್ನು ಓದಿ ಅವರಿಗೆ ಪ್ರಿಯರಾದವರ ರೂಪದಲ್ಲಿ ಕಾಣಿಸುತ್ತಾನೆ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸಾಯುತ್ತಾನೆ. ಈ ಬಾಣ ವಾಲ್ಮೀಕಿಯಿಂದ ಬಂದುದಲ್ಲ, 1974ರ ‘ಕೋಲ್ಚಾಕ್’ ಎಂಬ ಅಮೆರಿಕನ್ ದೂರದರ್ಶನ ಧಾರಾವಾಹಿಯ ಒಂದು ಕಂತಿನಿಂದ. ಹೀಗೆ ಗ್ರಂಥದಲ್ಲಿ ರಾಕ್ಷಸನಿಗೆ ಮಾಯೆ ಇದೆ, ಮರಣೋಪಾಯ ಇದೆ. ಕುಲವಿಲ್ಲ, ಬಾಲ್ಯವಿಲ್ಲ, ಬದಲಾಗುವ ದಾರಿಯಿಲ್ಲ.

ಇತರರು ಬೇರೆ ದಾರಿ ಹಿಡಿದರು. ಕೆನ್ ಸೇಂಟ್ ಆಂಡ್ರೆ ಅವರ 1976ರ ‘ಮಾನ್‌ಸ್ಟರ್ಸ್! ಮಾನ್‌ಸ್ಟರ್ಸ್!’ ಆಟಗಾರರನ್ನೇ ವಿಕಾರ ಜೀವಿಗಳ ಪಾತ್ರದಲ್ಲಿ ನಿಲ್ಲಿಸಿತು. 1978ರ ‘ರೂನ್‌ಕ್ವೆಸ್ಟ್’ ಮನುಷ್ಯನಿಗೂ ಟ್ರೋಲ್ ಎಂಬ ದೈತ್ಯಜಾತಿಗೂ ಒಂದೇ ಗುಣಪಟ್ಟಿಯನ್ನು ಅನ್ವಯಿಸಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಸಮಾನತೆಗೆ ಬಂದುದು 2000ದ ಮೂರನೆಯ ಆವೃತ್ತಿಯಲ್ಲಿ. ಅಲ್ಲಿ ರಾಕ್ಷಸನಿಗೂ ಆರು ಗುಣಗಳ ಅಂಕ, ಕೌಶಲಗಳು ಬಂದವು. ವೀರನಂತೆ ವೃತ್ತಿ ಹಿಡಿದು ಮೇಲೇರುವ ಅವಕಾಶವೂ ದೊರೆಯಿತು.

ಸಮಾನತೆಗೆ ಬೆಲೆ ತೆರಬೇಕಾಯಿತು. ಆಟಗಾರನು ತನ್ನ ಒಬ್ಬ ವೀರನನ್ನು ವರ್ಷಗಟ್ಟಲೆ ಪೋಷಿಸುತ್ತಾನೆ. ನಿರ್ವಾಹಕನು ಒಂದೇ ಸಂಜೆ ಹತ್ತಾರು ಶತ್ರುಗಳನ್ನು ಸಿದ್ಧಪಡಿಸಬೇಕು, ಅವರಲ್ಲಿ ಬಹುತೇಕರು ಕೆಲವೇ ನಿಮಿಷಗಳಲ್ಲಿ ಸಾಯುತ್ತಾರೆ. ಸಾಯುವವನ ಕೌಶಲಗಳನ್ನು ಲೆಕ್ಕಹಾಕುವ ಶ್ರಮ ಯಾರಿಗಾಗಿ? 2008ರ ನಾಲ್ಕನೆಯ ಆವೃತ್ತಿ ಇದಕ್ಕೆ ನಿಷ್ಠುರವಾಗಿ ಉತ್ತರಿಸಿತು. ಪ್ರತಿಯೊಂದು ಜೀವಿಗೂ ಯೋಧ, ದೂರದಿಂದ ಹೊಡೆಯುವವ, ಹೊಂಚುಹಾಕುವವ ಎಂಬಂತೆ ಕಾಳಗದ ಒಂದು ಕೆಲಸ ನಿಗದಿಯಾಯಿತು. ಒಂದೇ ಪ್ರಾಣಾಂಕದ, ಒಂದೇ ಪೆಟ್ಟಿಗೆ ಬೀಳುವ ‘ಮಿನಿಯನ್’ ಎಂಬ ವರ್ಗವೂ ಹುಟ್ಟಿತು. 2014ರ ಐದನೆಯ ಆವೃತ್ತಿ ನಡುದಾರಿ ಹಿಡಿಯಿತು: ಆರು ಗುಣಗಳಿವೆ, ಆದರೆ ಜೀವಿಯ ತೂಕ ನಿರ್ಧಾರವಾಗುವುದು ಅದು ಎಷ್ಟು ಪೆಟ್ಟು ತಾಳುತ್ತದೆ, ಎಷ್ಟು ಪೆಟ್ಟು ಕೊಡುತ್ತದೆ ಎಂಬುದರಿಂದ.

ರಾಕ್ಷಸನ ಹೆಸರು ಹುಟ್ಟಿದ ನಾಡಿನಲ್ಲಿ ಈ ಪ್ರಶ್ನೆಗೆ ಜೈನ ಪರಂಪರೆಯು ಬಹು ಹಿಂದೆಯೇ ಉತ್ತರಿಸಿತ್ತು. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ರಾಕ್ಷಸ ಎಂಬುದು ವಿದ್ಯಾಧರರ ಒಂದು ವಂಶದ ಹೆಸರು, ನರಭಕ್ಷಕ ಜಾತಿಯದಲ್ಲ. ರಾವಣನಿಗೆ ಹತ್ತು ತಲೆಗಳಿಲ್ಲ. ಕೊರಳ ಹಾರದ ರತ್ನಗಳಲ್ಲಿ ಪ್ರತಿಬಿಂಬಿಸಿದ ಮುಖಗಳಿಂದ ಆ ಹೆಸರು ಬಂದಿದೆ. ಕನ್ನಡದಲ್ಲಿ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಇದೇ ಪರಂಪರೆಯದು. ಇಲ್ಲಿ ರಾಮ ಬಲದೇವ, ಲಕ್ಷ್ಮಣ ವಾಸುದೇವ, ರಾವಣ ಪ್ರತಿವಾಸುದೇವ. ಮೂವರೂ ಅರವತ್ತುಮೂರು ಶಲಾಕಾಪುರುಷರಲ್ಲಿ ಸೇರಿದವರು. ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಕೊಂದ ಲಕ್ಷ್ಮಣನೂ ನರಕಕ್ಕೆ ಹೋಗುತ್ತಾನೆ, ರಾಮನು ದೀಕ್ಷೆ ಪಡೆದು ಮುಕ್ತನಾಗುತ್ತಾನೆ. ಕರ್ಮದ ನಿಯಮ ಪಕ್ಷವನ್ನು ಕೇಳುವುದಿಲ್ಲ.

ಆಟದ ಕರ್ತೃಗಳಿಗೆ ಈ ಕಾವ್ಯಗಳು ಪ್ರೇರಣೆಯಾಗಿದ್ದವೆಂದು ಹೇಳಲು ಆಧಾರವಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟಾಗ ಒಂದು ಭೇದ ತಿಳಿಯಾಗುತ್ತದೆ. ಸಮಾನ ನಿಯಮವೆಂದರೆ ಸಮಾನ ಅಂಕಗಳಲ್ಲ. ಮೂರನೆಯ ಆವೃತ್ತಿಯು ರಾಕ್ಷಸನಿಗೆ ವೀರನ ಗುಣಪಟ್ಟಿಯನ್ನು ಕೊಟ್ಟೂ ಅವನನ್ನು ದುಷ್ಟನೆಂದೇ ಗುರುತಿಸಿತು. ಜೈನ ಪುರಾಣವು ರಾವಣನ ಸೋಲನ್ನು ತಪ್ಪಿಸಲಿಲ್ಲ. ಆ ಸೋಲಿಗೆ ಅವನ ಜಾತಿಯನ್ನಲ್ಲ, ಅವನ ಕೃತ್ಯವನ್ನು ಕಾರಣವಾಗಿಸಿತು.

ಈ ಭೇದವನ್ನು ಆಟವೂ ಈಚೆಗೆ ಎದುರಿಸಿದೆ. ಹುಟ್ಟಿನಿಂದಲೇ ಕ್ರೂರರೆಂದು ಚಿತ್ರಿತರಾಗಿದ್ದ ಆರ್ಕ್ ಎಂಬ ಜನಾಂಗದ ಬಗ್ಗೆ ಆಕ್ಷೇಪಗಳೆದ್ದು, 2020ರಲ್ಲಿ ಪ್ರಕಾಶಕರು ಆ ಚಿತ್ರಣವನ್ನು ಬದಲಿಸುವುದಾಗಿ ಪ್ರಕಟಿಸಿದರು. 2024ರ ಆಟಗಾರರ ಕೈಪಿಡಿಯಲ್ಲಿ ಆರ್ಕ್ ವೀರರ ಸಾಲಿಗೆ ಸೇರಿತು. ಮರುವರ್ಷದ ವಿಕಾರ ಜೀವಿಗಳ ಗ್ರಂಥದಲ್ಲಿ ಅದಕ್ಕೆ ಪ್ರತ್ಯೇಕ ನಮೂದಿಲ್ಲ. ರಾಕ್ಷಸ ಮಾತ್ರ ಇನ್ನೂ ಆ ಗ್ರಂಥದಲ್ಲಿಯೇ, ಪಿಶಾಚಿಗಳ ವರ್ಗದಲ್ಲಿ ಉಳಿದಿದ್ದಾನೆ.